ಮೂಡಿಗೆರೆಯಿಂದ ಗುಲ್ಮಾರ್ಗಿಗೆ: ಸ್ನೋಬೋರ್ಡ್ ಕಲಿತ ಅನುಭವ

ಎರಡೂ ಕಾಲುಗಳನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟವೇ ಸ್ನೋಬೋರ್ಡ್. ಕಾಫಿ ತೋಟವಿರುವ ಮನೆಯಿಂದ ಅದನ್ನು ಕಲಿಯಲು ಕಾಶ್ಮೀರದ ಗುಲ್ಮಾರ್ಗಿಗೆ ಹೊರಡಬೇಕೆಂದರೆ ಎಲ್ಲಕ್ಕಿಂತ ಮೊದಲು ತಿಂಗಳನ್ನು ಹೊಂದಿಸಿಕೊಳ್ಳಬೇಕು. ಮೂಡಿಗೆರೆ ಸೀಮೆಯ ನಮ್ಮ ತೋಟದಲ್ಲಿ ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಹಿಡಿದರೆ ಜನವರಿಯವರೆಗೂ ನಡೆಯುತ್ತದೆ. ಕಣದಲ್ಲಿ ಹರವಿದ ಕೊನೆಯ ಹಣ್ಣು ಒಣಗಿ ಚೀಲ ಸೇರುವಷ್ಟರಲ್ಲಿ ಕಾಳುಮೆಣಸಿನ ಗೊನೆಗಳು ಕೆಂಪಾಗತೊಡಗುತ್ತವೆ. ಕಾಶ್ಮೀರದಲ್ಲಿ ಹಿಮ ಗಟ್ಟಿಯಾಗಿ ಕೂರುವುದೂ ಇದೇ ದಿನಗಳಲ್ಲಿ. ಡಿಸೆಂಬರ್ 21ರಿಂದ ಆರಂಭವಾಗುವ 40 ದಿನಗಳ ಕಡುಚಳಿಯನ್ನು ಅಲ್ಲಿನವರು ಚಿಲ್ಲೈ ಕಲಾನ್ ಎಂದು ಕರೆಯುತ್ತಾರೆ, ಅದರ ಹಿಂದೆಯೇ 20 ದಿನಗಳ ಚಿಲ್ಲೈ ಖುರ್ದ್ ಬರುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಬಯಲು ಹಿಮವಿಲ್ಲದೆ ಕಂದು ಬಣ್ಣಕ್ಕೆ ತಿರುಗಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದರಿಂದ, ಜನವರಿಯನ್ನು ನೆಚ್ಚದೆ, ಕಾಫಿ ಮುಗಿದು ಮೆಣಸು ಹಿಡಿಯುವ ನಡುವಿನ ಫೆಬ್ರುವರಿಯ ಮೊದಲ ಭಾಗವನ್ನು ಆರಿಸಿಕೊಂಡೆ. ರೋಬಸ್ಟಾ ಇರುವವರಿಗೆ ಈ ಬಿಡುವು ಸಿಗುವುದಿಲ್ಲ. ಅವರು ಮನೆಯಲ್ಲಿ ಯಾರನ್ನಾದರೂ ಒಪ್ಪಿಸಿಯೇ ಹೊರಡಬೇಕು.

ಮನೆಯಲ್ಲಿ ವಿಷಯ ತಿಳಿಸಿದಾಗ ಅಪ್ಪ, ‘ಚಳೀಲಿ ನಡುಗ್ಬೇಕು ಅಂದ್ರೆ ಬಾಬಾಬುಡನ್‌ಗಿರಿ ಇಲ್ವೇನೆ? ಅಷ್ಟು ದೂರ ಯಾಕೆ?’ ಎಂದು ನಕ್ಕರು. ಅಮ್ಮ ನಗಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ನಡೆದ ದಾಳಿಯಲ್ಲಿ ಶಿವಮೊಗ್ಗದವರೊಬ್ಬರೂ ಜೀವ ಕಳೆದುಕೊಂಡಿದ್ದರು. ನಮ್ಮ ಕಡೆಯ ಮನೆಗಳಲ್ಲಿ ಕಾಶ್ಮೀರದ ಹೆಸರೆತ್ತಿದರೆ ಈಗಲೂ ಆ ಮಾತೇ ಮೊದಲು ಬರುತ್ತದೆ. ಹಾಸನದಲ್ಲಿ ಉಪನ್ಯಾಸಕನಾಗಿರುವ ಚಿಕ್ಕಪ್ಪನ ಮಗ, ‘ದೊಡ್ಡಮ್ಮ, ಅಕ್ಕನ ಜೊತೆ ನಾನೂ ಹೋಗ್ತೀನಿ, ದಿನಾ ಫೋನ್ ಮಾಡಿಸ್ತೀನಿ’ ಎಂದು ಮಾತು ಕೊಟ್ಟ ಮೇಲೆಯೇ ಅವರು ಒಪ್ಪಿದ್ದು. ಆ ದಿನನಿತ್ಯದ ಫೋನೇ ಮುಂದೆ ಒಂದು ತಲೆನೋವಾಗಲಿದೆ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಭಾರತದಲ್ಲಿ ಇದನ್ನು ಕಲಿಯಲು ಇರುವ ಸ್ಥಳಗಳು ಬೆರಳೆಣಿಕೆಯಷ್ಟು. ಉತ್ತರಾಖಂಡದ ಔಲಿಯಲ್ಲಿ ಒಳ್ಳೆಯ ಇಳಿಜಾರಿದೆ, ಆದರೆ ಹರಿದ್ವಾರದಿಂದ ಜೋಶಿಮಠದವರೆಗೆ ಇಡೀ ಹಗಲು ಗುಡ್ಡದ ರಸ್ತೆಯಲ್ಲೇ ಕಳೆದುಹೋಗುತ್ತದೆ. ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿಲೋಮೀಟರು. ಬಾಡಿಗೆಗೆ ಸ್ನೋಬೋರ್ಡ್ ಸಿಗುವ ಅಂಗಡಿಗಳೂ ಕಲಿಸುವವರೂ ಅಲ್ಲಿ ಹೆಚ್ಚು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೂ ಅಲ್ಲಿಯೇ ಇದೆ. ಇಂತಹ ಸಂಸ್ಥೆಗಳ ತರಬೇತಿ ಗೊತ್ತುಪಡಿಸಿದ ದಿನಾಂಕಗಳಲ್ಲಿ ತಂಡ ತಂಡವಾಗಿ ನಡೆಯುತ್ತದೆ. ಖರ್ಚು ಉಳಿಸಬೇಕೆನ್ನುವವರಿಗೆ, ವಿಶೇಷವಾಗಿ ವಿದ್ಯಾರ್ಥಿಗಳಿಗೆ, ಅದೇ ಸರಿಯಾದ ದಾರಿ. ನಮ್ಮ ಬಿಡುವು ಆ ದಿನಾಂಕಗಳಿಗೆ ಹೊಂದದ ಕಾರಣ ನಾವು ಖಾಸಗಿಯಾಗಿ ಶಿಕ್ಷಕರನ್ನು ಗೊತ್ತುಮಾಡಿಕೊಂಡೆವು. ಈ ನಡುವೆ ಪ್ಯಾಕೇಜ್ ಮಾರುವ ಒಬ್ಬರು ಮುಂಗಡ ಪಡೆದು, ಎಲ್ಲ ಸಲಕರಣೆಯೂ ಸಿದ್ಧವಿದೆ ಎಂದು ವಾರಗಟ್ಟಲೆ ನಂಬಿಸಿ, ಹೊರಡುವ ಹೊತ್ತಿಗೆ ‘ಸ್ನೋಬೋರ್ಡ್ ಇಲ್ಲ, ಸ್ಕೀ ಮಾತ್ರ ಇದೆ’ ಎಂದರು. ಸ್ಕೀ ಎಂದರೆ ಕಾಲಿಗೊಂದರಂತೆ ತೊಡುವ ಎರಡು ಉದ್ದನೆಯ ಪಟ್ಟಿಗಳು, ಅದು ಬೇರೆಯೇ ಕಲಿಕೆ. ಮುಂಗಡದ ಅರ್ಧ ಹಣ ಇನ್ನೂ ಬಂದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟೇ: ಹಣ ಕಳಿಸುವ ಮುನ್ನ ನಿಮ್ಮ ಎತ್ತರ, ತೂಕ, ಪಾದದ ಅಳತೆ ತಿಳಿಸಿ, ಅದಕ್ಕೆ ಹೊಂದುವ ಬೋರ್ಡ್ ಮತ್ತು ಬೂಟಿನ ಚಿತ್ರವನ್ನು ಕಳಿಸುವಂತೆ ಕೇಳಿ. ಶಿಕ್ಷಕರಾದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಚೀಟಿ ಇದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ಆಧಾರ್ ಕಾರ್ಡಿನ ಮೂಲಪ್ರತಿ ಮತ್ತು ನಾಲ್ಕಾರು ನಕಲುಗಳು, ಭಾವಚಿತ್ರಗಳು, ವೈದ್ಯರ ದೃಢೀಕರಣ ಪತ್ರ, ವಿಮೆ ಇವಿಷ್ಟನ್ನು ನಾವು ಸಿದ್ಧಪಡಿಸಿಕೊಂಡೆವು. ಚಿಕ್ಕಮಗಳೂರಿನ ನಮ್ಮ ಪರಿಚಯದ ವೈದ್ಯರ ಮುಂದೆ ಪತ್ರದ ನಮೂನೆ ಇಟ್ಟಾಗ ಅವರು, ‘ಅಮರನಾಥ ಯಾತ್ರೆಗಾ ಅಮ್ಮ?’ ಎಂದು ಕೇಳಿದರು, ಏಕೆಂದರೆ ಆ ಯಾತ್ರೆಗೂ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವುದಕ್ಕೆ ಎಂದು ವಿವರಿಸಿದ ಮೇಲೆ ರಕ್ತದೊತ್ತಡ ನೋಡಿ, ಇಸಿಜಿ ಮಾಡಿಸಿ, ಮೊಣಕಾಲನ್ನು ಆಚೀಚೆ ಮಡಿಸಿ ಪರೀಕ್ಷಿಸಿ ಸಹಿ ಹಾಕಿದರು. ವಿಮೆಯದ್ದು ಇದಕ್ಕಿಂತ ದೊಡ್ಡ ಕಥೆ. ಮನೆಯವರೆಲ್ಲರ ಹೆಸರಿನಲ್ಲಿರುವ ಆರೋಗ್ಯ ವಿಮೆಯೇ ಸಾಕು ಎಂದು ಏಜೆಂಟರು ಹೇಳಿದರೂ, ಪಾಲಿಸಿಯ ಸಣ್ಣ ಅಕ್ಷರಗಳನ್ನು ಜೊತೆಗೆ ಹೊರಟಿದ್ದ ತಮ್ಮ ಕುಳಿತು ಓದಿದಾಗ ಸಾಹಸ ಕ್ರೀಡೆಗಳಲ್ಲಿ ಆದ ಗಾಯಕ್ಕೆ ಪರಿಹಾರವಿಲ್ಲ ಎಂಬ ಸಾಲು ಸ್ಪಷ್ಟವಾಗಿಯೇ ಇತ್ತು. ಸಾಹಸ ಕ್ರೀಡೆಗಳನ್ನು ಹೆಸರಿಸಿ ಒಳಗೊಳ್ಳುವ ಪ್ರವಾಸ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕಾಯಿತು. ಆ ಪಟ್ಟಿಯಲ್ಲಿ ಸ್ನೋಬೋರ್ಡಿಂಗ್ ಎಂಬ ಪದ ಇದೆಯೇ, ಗೊತ್ತುಪಡಿಸಿದ ಇಳಿಜಾರಿನ ಹೊರಗೆ ಬಿದ್ದರೆ ಅನ್ವಯಿಸುತ್ತದೆಯೇ ಎಂಬ ಎರಡನ್ನೂ ಬರಹದಲ್ಲಿ ಕೇಳಿ ಪಡೆಯಿರಿ.

ಇನ್ನು ಫೋನು. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್‌ಗಳು ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ; ಪೋಸ್ಟ್‌ಪೇಯ್ಡ್ ಆಗಿರಲೇಬೇಕು. ಬದಲಾವಣೆಗೆ ಅರ್ಜಿ ಕೊಟ್ಟ ನಂತರ ಅದು ಚಾಲ್ತಿಗೆ ಬರಲು ಕೆಲವು ದಿನ ಹಿಡಿಯಬಹುದು. ನನ್ನದು ಬದಲಾಗಿತ್ತು, ತಮ್ಮನದು ಆಗಿರಲಿಲ್ಲ. ಅವನ ಬ್ಯಾಂಕಿನ ಒಟಿಪಿಗಳು ಪ್ರವಾಸದುದ್ದಕ್ಕೂ ಬರಲೇ ಇಲ್ಲ, ಅಮ್ಮನಿಗೆ ಮಾಡಬೇಕಾದ ಕರೆಗಳೆಲ್ಲ ನನ್ನ ಫೋನಿನಿಂದಲೇ ಹೋದವು. ಹಿಮ ಜೋರಾಗಿ ಬಿದ್ದ ರಾತ್ರಿಗಳಲ್ಲಿ ವಿದ್ಯುತ್ತಿನ ಜೊತೆ ನೆಟ್‌ವರ್ಕ್ ಸಹ ಹೋಗುತ್ತದೆ. ಆಗ ಫೋನಿನಲ್ಲಿ ಹಣ ಕೊಡುವ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ. ಸ್ವಲ್ಪ ನಗದು ಇಟ್ಟುಕೊಳ್ಳಿ.

ಬಟ್ಟೆಗಾಗಿ ಬೆಂಗಳೂರಿಗೇ ಹೋಗಬೇಕಾಯಿತು. ನಮ್ಮೂರಿನ ಸ್ವೆಟರು ಮುಂಜಾನೆಯ ಚಳಿಗೆ ಸಾಲುತ್ತದೆ, ಹಿಮದಲ್ಲಿ ಗಳಿಗೆಗೊಮ್ಮೆ ಕೂತೇಳುವವರಿಗೆ ಸಾಲುವುದಿಲ್ಲ. ಹತ್ತಿಯ ಬನಿಯನ್ನೂ ಜೀನ್ಸೂ ಪೂರ್ತಿ ವರ್ಜ್ಯ. ಬೆವರಿನಿಂದಲೋ ಹಿಮದಿಂದಲೋ ಒಮ್ಮೆ ಒದ್ದೆಯಾದರೆ ಹತ್ತಿ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಫ್ಲೀಸ್, ಎಲ್ಲಕ್ಕಿಂತ ಹೊರಗೆ ನೀರು ನುಗ್ಗದ ಜಾಕೆಟ್ಟು ಮತ್ತು ಪ್ಯಾಂಟು ಎಂಬ ಮೂರು ಪದರಗಳು ಸಾಕು. ಸ್ನೋಬೋರ್ಡ್ ಕಲಿಯುವವರು ಸ್ಕೀ ಕಲಿಯುವವರಿಗಿಂತ ಹೆಚ್ಚಾಗಿ ನೆಲದ ಮೇಲೆಯೇ ಇರುತ್ತಾರಾದ್ದರಿಂದ, ಹಣ ಕಡಿಮೆಯಿದ್ದರೆ ಜಾಕೆಟ್ಟಿನಲ್ಲಿ ಉಳಿಸಿ ಪ್ಯಾಂಟಿಗೆ ಮತ್ತು ಕೈಗವಸಿಗೆ ಹಾಕಿ. ಇವುಗಳ ಜೊತೆಗೆ ಮಣಿಕಟ್ಟಿನ ರಕ್ಷಾಕವಚ, ಸೊಂಟ ಮತ್ತು ಬೆನ್ನುಮೂಳೆಯ ತುದಿಗೆ ಮೆತ್ತೆ ಇರುವ ಒಳಚಡ್ಡಿ, ಮೊಣಕಾಲಿನ ಪ್ಯಾಡು, ಹೆಲ್ಮೆಟ್, ಗಾಗಲ್ಸ್ ಬೇಕು. ಹಿಮದಿಂದ ಮರಳಿ ಚಿಮ್ಮುವ ಬಿಸಿಲು ಬರಿಗಣ್ಣಿಗೆ ಅಪಾಯಕಾರಿ, ಮೋಡವಿದ್ದ ದಿನವೂ. ಮೆತ್ತೆಯ ಚಡ್ಡಿ ಬಾಡಿಗೆಗೆ ಸಿಗುವುದು ಕಷ್ಟ; ಅದನ್ನು ಮೊದಲೇ ಕೊಂಡುಕೊಂಡು ಹೋದದ್ದು ಇಡೀ ಪ್ರವಾಸದಲ್ಲಿ ನಾನು ಮಾಡಿದ ಅತ್ಯಂತ ಲಾಭದ ಖರ್ಚು.

ಮೂಡಿಗೆರೆಯಿಂದ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ದೆಹಲಿಯ ಮೂಲಕ ಶ್ರೀನಗರ ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು. ದೆಹಲಿಯಲ್ಲಿ ಬೆಳಗಿನ ವಿಮಾನ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ಮರುದಿನಕ್ಕೆ ಮುಂದೂಡಲ್ಪಟ್ಟಿತು. ಶ್ರೀನಗರದಲ್ಲಿ ಹಿಮ ಸುರಿದು ರನ್‌ವೇ ಕಾಣಿಸದಿದ್ದರೆ ಯಾರನ್ನು ದೂರಿಯೂ ಪ್ರಯೋಜನವಿಲ್ಲ. ಫೆಬ್ರುವರಿಯಲ್ಲಿ ಅಲ್ಲಿಗೆ ಹೋಗುವವರು ಹೋಗುವಾಗ ಒಂದು, ಬರುವಾಗ ಒಂದು ದಿನವನ್ನು ಕಳೆದುಹೋಗಲಿಕ್ಕೆಂದೇ ಮೀಸಲಿಡಬೇಕು, ಗುಲ್ಮಾರ್ಗಿನ ಮೊದಲ ರಾತ್ರಿಯ ಕೊಠಡಿಯನ್ನು ರದ್ದುಮಾಡಲು ಸಾಧ್ಯವಾಗುವಂತೆಯೇ ಕಾಯ್ದಿರಿಸಬೇಕು. ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ವಂದೇ ಭಾರತ್ ರೈಲು ಓಡುತ್ತಿರುವುದರಿಂದ ಆ ದಾರಿಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಶ್ರೀನಗರದಿಂದ ಟ್ಯಾಕ್ಸಿ ತಂಗ್‌ಮಾರ್ಗದಲ್ಲಿ ನಿಂತಿತು. ಅಲ್ಲಿಂದ ಮೇಲಿನ ಸುಮಾರು 13 ಕಿಲೋಮೀಟರು ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ಅಥವಾ ನಾಲ್ಕೂ ಚಕ್ರಗಳಿಗೆ ಶಕ್ತಿಯಿರುವ ವಾಹನಗಳಿಗೆ ಮಾತ್ರ ಅವಕಾಶ. ವಾಹನ ಬದಲಿಸುವ ಈ ಜಾಗದಲ್ಲಿಯೇ ಗಮ್‌ಬೂಟು, ಓವರ್‌ಕೋಟು ಬಾಡಿಗೆಗೆ ಕೊಡುವವರು ಮುತ್ತಿಕೊಂಡು, ಇವಿಲ್ಲದೆ ಮೇಲೆ ಬಿಡುವುದಿಲ್ಲ ಎನ್ನುತ್ತಾರೆ. ನಿಮ್ಮದೇ ಬಟ್ಟೆ ಇದ್ದರೆ ಅವು ಬೇಕಿಲ್ಲ. ಸಮಾಧಾನದಿಂದ ಬೇಡವೆಂದು ಹೇಳಿ ಮುಂದೆ ಹೋಗಿ.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತಲೂ 700 ಮೀಟರಿನಷ್ಟು ಮೇಲೆ ಅಲ್ಲಿನ ಬಯಲು ಆರಂಭವಾಗುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಸಂಜೆಗೆ ಮಂಕು ತಲೆನೋವು ಬಂದವು. ಮೊದಲ ದಿನ ಏನೂ ಮಾಡದೆ ನೀರು ಕುಡಿಯುತ್ತಾ ಕೂರುವುದೇ ಒಳ್ಳೆಯದು. ಹಣ ಕೊಟ್ಟು ಬಂದಿದ್ದೇವೆಂಬ ಆತುರ ಇಲ್ಲಿ ನಡೆಯದು.

ಬಾಡಿಗೆ ಅಂಗಡಿಯಲ್ಲಿ ಕಳೆದ ಸಮಯದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅಂಗಡಿಯವರು ಬೋರ್ಡಿನ ಬಣ್ಣ ತೋರಿಸುತ್ತಾರೆ, ನೋಡಬೇಕಾದದ್ದು ಬೂಟನ್ನು. ಅದನ್ನು ತೊಟ್ಟು ನೆಟ್ಟಗೆ ನಿಂತಾಗ ಬೆರಳ ತುದಿಗಳು ಮುಂಭಾಗವನ್ನು ಸೋಕಬೇಕು, ಮೊಣಕಾಲು ಬಗ್ಗಿಸಿದಾಗ ಅವು ತುಸು ಹಿಂದೆ ಸರಿಯಬೇಕು. ಆ ಭಂಗಿಯಲ್ಲಿ ಹಿಮ್ಮಡಿ ಮೇಲೆದ್ದರೆ ಆ ಬೂಟು ಬೇಡ. ಪಾದ ಬಾಗಿದಷ್ಟೂ ಬೋರ್ಡ್ ಬಾಗಬೇಕು. ಹಿಮ್ಮಡಿ ಬೂಟಿನೊಳಗೇ ಎದ್ದುಬಿಟ್ಟರೆ ನಿಮ್ಮ ಪ್ರಯತ್ನವೆಲ್ಲ ಬೂಟಿನೊಳಗೇ ಉಳಿಯುತ್ತದೆ. ಚಳಿಗೆಂದು ಎರಡು ಕಾಲುಚೀಲ ಹಾಕುವುದೂ ಸರಿಯಲ್ಲ, ಉದ್ದನೆಯ ಒಂದೇ ಚೀಲ ಸಾಕು. ನನ್ನ ಪಾದಕ್ಕೆ ಹೊಂದುವ ಜೋಡಿ ಮೂರನೆಯ ಅಂಗಡಿಯಲ್ಲಿ ಸಿಕ್ಕಿತು, ಅದೂ ಹಿಂದಿನವರ ಬೆವರಿನಿಂದ ಒಳಗೆಲ್ಲ ಒದ್ದೆಯಾಗಿತ್ತು. ರಾತ್ರಿಯಿಡೀ ಹೋಟೆಲಿನ ಬುಖಾರಿಯ, ಎಂದರೆ ಅಲ್ಲಿನವರ ಸೌದೆ ಒಲೆಯ, ಒಂದು ಮಾರು ದೂರದಲ್ಲಿಟ್ಟು ಒಣಗಿಸಿದೆ. ಒಲೆಗೆ ತೀರ ಹತ್ತಿರವಿಟ್ಟರೆ ಅಂಟು ಬಿಡುತ್ತದೆ.

ಬೋರ್ಡನ್ನು ನೆಲಕ್ಕೆ ನಿಲ್ಲಿಸಿದಾಗ ಗದ್ದ ಮತ್ತು ಮೂಗಿನ ನಡುವೆ ಬಂದರೆ ಕಲಿಯುವವರಿಗೆ ಸರಿಹೋಗುತ್ತದೆ. ಗದ್ದದ ಕಡೆಗಿದ್ದರೆ ತಿರುಗಿಸುವುದು ಇನ್ನೂ ಸುಲಭ. ಎಡಗಾಲು ಮುಂದಿರುವವರು ರೆಗ್ಯುಲರ್, ಬಲಗಾಲು ಮುಂದಿರುವವರು ಗೂಫಿ. ಯಾರಾದರೂ ಹಿಂದಿನಿಂದ ಹಠಾತ್ತನೆ ತಳ್ಳಿದಾಗ ಯಾವ ಕಾಲು ಮುಂದೆ ಹೋಗುತ್ತದೆಯೋ ಸಾಮಾನ್ಯವಾಗಿ ಅದೇ ಮುಂಗಾಲು. ಬೂಟನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗುಗಳನ್ನು ಹಿಂದಿನ ಗಿರಾಕಿಯ ಅಳತೆಗೇ ಬಿಟ್ಟಿರುತ್ತಾರೆ. ನನ್ನ ಬೋರ್ಡ್ ಗೂಫಿಯವರಿಗೆ ಹೊಂದಿಸಿದ್ದಾಗಿತ್ತು, ಒಂದು ತಿರುಪು ಸಡಿಲವೂ ಆಗಿತ್ತು. ಭುಜದಗಲಕ್ಕೆ ಕಾಲುಗಳ ಅಂತರ, ಮುಂಗಾಲು 15 ಡಿಗ್ರಿಯಷ್ಟು ಹೊರಕ್ಕೆ, ಹಿಂಗಾಲು ವಿರುದ್ಧ ದಿಕ್ಕಿಗೆ ತುಸು ಹೊರಕ್ಕೆ ಎಂದು ಶಿಕ್ಷಕರೇ ಸ್ಕ್ರೂಡ್ರೈವರ್ ಹಿಡಿದು ಸರಿಪಡಿಸಿದರು.

ಕಲಿಕೆ ಆರಂಭವಾದದ್ದು ಬೀಳುವುದರಿಂದ. ಮುಂದಕ್ಕೆ ಬಿದ್ದರೆ ಮುಷ್ಟಿ ಬಿಗಿದು ಮುಂಗೈಗಳ ಮೇಲೆ, ಹಿಂದಕ್ಕೆ ಬಿದ್ದರೆ ಗದ್ದವನ್ನು ಎದೆಗೆ ಒತ್ತಿ ಕುಳಿತುಕೊಂಡು ಉರುಳಬೇಕು; ಅಂಗೈ ಚಾಚಿ ನೆಲ ಹಿಡಿಯಲು ಹೋಗಬಾರದು. ಹೊಸಬರಲ್ಲಿ ಅತಿ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೆ, ಅದಕ್ಕೆ ಕಾರಣ ಈ ಚಾಚಿದ ಅಂಗೈ. ಆಮೇಲೆ ಮುಂಗಾಲನ್ನು ಮಾತ್ರ ಕಟ್ಟಿಕೊಂಡು, ಹಿಂಗಾಲಿನಿಂದ ತಳ್ಳುತ್ತಾ ಸಮತಟ್ಟಿನಲ್ಲಿ ಸಾಗುವ ಅಭ್ಯಾಸ. ಪಕ್ಕದಲ್ಲಿ ತಮ್ಮ ಸ್ಕೀ ತೊಟ್ಟು ಮಧ್ಯಾಹ್ನದೊಳಗೆ ಸಣ್ಣ ಇಳಿಜಾರಿನಲ್ಲಿ ಇಳಿಯತೊಡಗಿದ್ದ. ‘ಅಕ್ಕಾ, ಇನ್ನೂ ಅಲ್ಲೇ ಇದೀಯಾ?’ ಎಂದು ಅವನು ಕೂಗಿದ್ದು ಇಡೀ ಬಯಲಿಗೆ ಕೇಳಿಸಿತು. ಸ್ಕೀ ಆರಂಭದಲ್ಲಿ ಸುಲಭ, ನಂತರ ಕಷ್ಟ. ಸ್ನೋಬೋರ್ಡ್ ಇದಕ್ಕೆ ತದ್ವಿರುದ್ಧ ಎಂದು ಶಿಕ್ಷಕರು ಸಮಾಧಾನ ಹೇಳಿದರು. ಅದು ಬರಿಯ ಸಮಾಧಾನವಲ್ಲ ಎಂದು ವಾರ ಮುಗಿಯುವಾಗ ಗೊತ್ತಾಯಿತು, ಆದರೆ ಆ ಮಧ್ಯಾಹ್ನ ನಂಬಿಕೆ ಬರಲಿಲ್ಲ.

ಹೊರಗಿನಿಂದ ನೋಡುವವರಿಗೆ ತಿಳಿಯದ ಶ್ರಮವೆಂದರೆ ಬೈಂಡಿಂಗ್ ಕಟ್ಟಿಕೊಳ್ಳುವುದು. ಇಳಿಜಾರಿನಲ್ಲಿ ಕುಳಿತು, ಬೋರ್ಡ್ ಜಾರಿಹೋಗದಂತೆ ಮೊಣಕಾಲಿಗೆ ಒರಗಿಸಿಕೊಂಡು, ಬೂಟಿನ ತಳಕ್ಕೆ ಅಂಟಿದ ಮಂಜುಗಡ್ಡೆಯನ್ನು ಕೆರೆದು, ಹಿಮ್ಮಡಿಯನ್ನು ಹಿಂದಿನ ಆನಿಕೆಗೆ ತಾಗುವಂತೆ ಒತ್ತಿ, ಪಟ್ಟಿಯ ಹಲ್ಲುಗಳನ್ನು ಕೊಂಡಿಯೊಳಗೆ ತೂರಿಸಬೇಕು. ಹಲ್ಲುಗಳ ನಡುವೆ ಹಿಮ ಕೂತಿದ್ದರೆ ಕೊಂಡಿ ಹಿಡಿಯುವುದಿಲ್ಲ. ಕೈಗವಸು ತೆಗೆದು ಉಗುರಿನಿಂದ ಕೆದಕಬೇಕು, ಅಷ್ಟರಲ್ಲಿ ಬೆರಳು ಮರಗಟ್ಟುತ್ತದೆ, ಮರಗಟ್ಟಿದ ಬೆರಳಿಗೆ ಪಟ್ಟಿ ಸಿಗುವುದಿಲ್ಲ. ಕಟ್ಟಿಕೊಂಡು ಎದ್ದು ನಿಂತು, ಹತ್ತು ಅಡಿ ಸರಿದು ಬಿದ್ದರೆ ಎದ್ದೇಳುವ ಕೆಲಸ ಮತ್ತೆ ಮೊದಲಿನಿಂದ. ಈ ಕೂತೇಳುವಿಕೆಗೆ ಹೊಟ್ಟೆಯ ಮತ್ತು ತೊಡೆಯ ಸ್ನಾಯುಗಳು ಸಿದ್ಧವಾಗಿರಬೇಕು. ಹೊರಡುವ ಮುನ್ನ ಬೆಟ್ಟ ಹತ್ತುವ ಅಭ್ಯಾಸ ಮಾಡುವವರಿಗೆ ನನ್ನ ಸಲಹೆ, ಬೆಟ್ಟದ ಜೊತೆ ದಿನಾ ಬಸ್ಕಿಯನ್ನೂ ಹೊಡೆಯಿರಿ.

ಮೊದಲು ಒಲಿಯುವುದು ಹಿಮ್ಮಡಿಯ ಅಂಚು, ಎಂದರೆ ಬೋರ್ಡಿನ ಉದ್ದನೆಯ ಎರಡು ಅಂಚುಗಳಲ್ಲಿ ಹಿಮ್ಮಡಿಯ ಕಡೆಯದು. ಇಳಿಜಾರಿಗೆ ಮುಖ ಮಾಡಿ, ಬೋರ್ಡನ್ನು ಅಡ್ಡಲಾಗಿಟ್ಟು, ಕಾಲ್ಬೆರಳುಗಳನ್ನು ಮೇಲಕ್ಕೆತ್ತಿ ಹಿಮ್ಮಡಿಯ ಮೇಲೆ ಭಾರ ಹಾಕಿದರೆ ಬೋರ್ಡ್ ನಿಲ್ಲುತ್ತದೆ. ಬೆರಳನ್ನು ಕೂದಲೆಳೆಯಷ್ಟು ಇಳಿಸಿದರೆ ಸರಸರನೆ ಅಡ್ಡಡ್ಡವಾಗಿ ಜಾರುತ್ತದೆ. ಹೆಚ್ಚು ಇಳಿಸಿದರೆ ಕೆಳಗಿನ ಅಂಚು ಹಿಮಕ್ಕೆ ಸಿಕ್ಕಿಕೊಂಡು ಆಸಾಮಿಯನ್ನು ಎತ್ತಿ ಒಗೆಯುತ್ತದೆ. ಹೀಗೆ ಅಂಚು ಸಿಕ್ಕಿಕೊಳ್ಳುವುದು ಎಚ್ಚರಿಕೆ ಕೊಟ್ಟು ಬರುವುದಿಲ್ಲ. ನಿಧಾನವಾಗಿ ಹೋಗುತ್ತಿರುವಾಗಲೇ ಹೆಚ್ಚು. ಅಡ್ಡ ಜಾರಿಕೆ ಹಿಡಿತಕ್ಕೆ ಬಂದ ಮೇಲೆ ಎಡಕ್ಕೆ ತುಸು, ಬಲಕ್ಕೆ ತುಸು ತೇಲುತ್ತಾ ಇಳಿಯುವುದನ್ನು ಕಲಿಸುತ್ತಾರೆ. ಎಲೆ ಉದುರುವ ಅಭ್ಯಾಸ ಎಂದೇ ಅದಕ್ಕೆ ಹೆಸರು. ಯಾವ ಕಡೆ ನೋಡುತ್ತೇವೋ ಆ ಕಡೆಗೆ ಭುಜ, ಭುಜದ ಹಿಂದೆ ಸೊಂಟ, ಸೊಂಟದ ಹಿಂದೆ ಬೋರ್ಡ್ ತಿರುಗುತ್ತದೆ. ನನ್ನ ಕಣ್ಣು ಪಾದದ ಮೇಲೆಯೇ ಇರುತ್ತಿತ್ತು. ‘ಮೇಡಂ, ನೀಚೇ ಮತ್ ದೇಖೋ, ಆಗೇ ದೇಖೋ’ ಎಂಬ ಶಿಕ್ಷಕರ ಕೂಗು ನನಗೆ ಈಗಲೂ ಕಿವಿಯಲ್ಲಿದೆ. ಆ ಸಂಜೆ ಎರಡು ತಲೆದಿಂಬುಗಳ ಮೇಲೆ ಕೂತು ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಕಿಟಕಿಯ ಅರ್ಧದವರೆಗೆ ಹಿಮ ಬಂದಿತ್ತು, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟುಗಳೆಲ್ಲ ಬಂದ್. ಬೇಸರವಾದರೂ ಮೈಗೆ ಅದು ಬೇಕಿತ್ತು. ಚಹಾದ ಅಂಗಡಿಯಲ್ಲಿ ನಾವು ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡ ಯೋಧರೊಬ್ಬರು, ‘ಏನಕ್ಕಾ, ಹಾಸ್ನದ್ ಕಡೆಯೋರಾ?’ ಎಂದು ಹತ್ತಿರ ಬಂದರು. ಅವರು ಅರಸೀಕೆರೆ ಸೀಮೆಯವರು. ಗುಲ್ಮಾರ್ಗಿನಲ್ಲಿ ಸೇನೆಯ ಎತ್ತರ ಪ್ರದೇಶದ ಯುದ್ಧ ತರಬೇತಿ ಶಾಲೆ ಇರುವುದರಿಂದ ದೇಶದ ಎಲ್ಲ ಮೂಲೆಗಳ ಯೋಧರೂ ಅಲ್ಲಿಗೆ ಬರುತ್ತಾರೆ. ಒಳಗವಸು ಎರಡು ಜೊತೆ ಇಟ್ಟುಕೊಂಡು, ಒದ್ದೆಯಾದದ್ದನ್ನು ಜಾಕೆಟ್ಟಿನ ಒಳಗೆ ಹೊಟ್ಟೆಗೆ ಆನಿಸಿ ಒಣಗಿಸಿ ಎಂದು ಅವರು ಹೇಳಿಕೊಟ್ಟ ಉಪಾಯ ಉಳಿದ ದಿನಗಳಲ್ಲೆಲ್ಲ ಕೆಲಸಕ್ಕೆ ಬಂತು.

ಹವೆ ತಿಳಿಯಾದ ಮೇಲೆ ಎದುರಾದ ತೊಡಕು ಎಳೆಯುವ ಲಿಫ್ಟು. ಅದರ ಕಂಬಿಯನ್ನು ಹಿಡಿದು, ನಿಂತಲ್ಲಿಯೇ ಹಿಮದ ಮೇಲೆ ಜಾರುತ್ತಾ ಮೇಲಕ್ಕೆ ಹೋಗಬೇಕು. ಸ್ಕೀ ತೊಟ್ಟವರು ಎರಡು ಕಾಲುಗಳನ್ನೂ ಮುಂದಕ್ಕಿಟ್ಟು ನೇರ ನಿಲ್ಲುತ್ತಾರೆ, ಕಂಬಿ ಅವರನ್ನು ಸರಾಗವಾಗಿ ಒಯ್ಯುತ್ತದೆ. ಸ್ನೋಬೋರ್ಡ್ ಎಂಬುದು ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ 1965ರಲ್ಲಿ ಎರಡು ಸ್ಕೀಗಳನ್ನು ಜೋಡಿಸಿ ತಮ್ಮ ಹೆಣ್ಣುಮಕ್ಕಳಿಗೆ ಮಾಡಿಕೊಟ್ಟ ಆಟಿಕೆಯಿಂದ ಬೆಳೆದದ್ದು, ಒಲಿಂಪಿಕ್ಸ್‌ಗೆ ಸೇರಿದ್ದು 1998ರ ನಗಾನೊದಲ್ಲಿ. ಎಳೆಯುವ ಲಿಫ್ಟುಗಳು ಅದಕ್ಕಿಂತ ಬಹಳ ಮೊದಲೇ ಸ್ಕೀಯವರನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡವು. ಹಾಗಾಗಿ ಪಕ್ಕಕ್ಕೆ ತಿರುಗಿ ನಿಲ್ಲುವ ನಾವು, ಒಂದೇ ಕಾಲು ಕಟ್ಟಿಕೊಂಡು, ಇನ್ನೊಂದನ್ನು ಬೋರ್ಡಿನ ಮೇಲೆ ಸುಮ್ಮನೆ ಊರಿ, ಮುಂಗಾಲಿನ ಮೇಲೆ ಭಾರವಿಟ್ಟು ಹೋಗಬೇಕು. ನಾನು ಅರ್ಧ ದಾರಿಯಲ್ಲಿ ಬಿದ್ದಾಗಲೆಲ್ಲ ಹಿಂದಿನವರಿಗೆ ದಾರಿ ಬಿಡಲು ಪಕ್ಕಕ್ಕೆ ಉರುಳುತ್ತಿದ್ದೆ. ಇಲ್ಲಿ ಕಂಬಿಯ ಮೇಲೆ ಕೂರಲು ಹೋಗಬೇಡಿ, ಅದು ಆಸನವಲ್ಲ. ಮೊಣಕಾಲು ಸಡಿಲವಿರಲಿ, ಬಿದ್ದ ಕೂಡಲೇ ಕಂಬಿಯನ್ನು ಬಿಟ್ಟುಬಿಡಿ.

ಇನ್ನೊಂದು ಅಂಚಿನ, ಎಂದರೆ ಕಾಲ್ಬೆರಳಿನ ಕಡೆಯ ಅಂಚಿನ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಇಳಿಜಾರಿಗೆ ಬೆನ್ನು ಮಾಡಿ, ಬೆಟ್ಟವನ್ನು ನೋಡುತ್ತಾ, ಹೋಗುವ ದಾರಿ ಕಾಣದೆ ಹಿಂದಕ್ಕೆ ಜಾರಬೇಕೆಂದರೆ ಮೈಯೆಲ್ಲ ಬೇಡವೆನ್ನುತ್ತದೆ. ಹೆದರಿಕೆಗೆ ಸೊಂಟ ತಾನಾಗಿ ಹಿಂದೆ ಹೋಗುತ್ತದೆ, ಸೊಂಟ ಹಿಂದೆ ಹೋದರೆ ಹಿಮ್ಮಡಿ ಇಳಿಯುತ್ತದೆ, ಹಿಮ್ಮಡಿ ಇಳಿದರೆ ಅಂಚು ಸಿಕ್ಕಿಕೊಂಡು ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಹೆಲ್ಮೆಟ್ಟಿನ ಬೆಲೆ ಗೊತ್ತಾಗುವುದು ಆಗ. ಇಡೀ ಒಂದು ಹಗಲು ಇದರಲ್ಲಿಯೇ ಹೋಯಿತು, ಒಮ್ಮೆ ಕನ್ನಡಕದೊಳಗೇ ಅತ್ತದ್ದೂ ಆಯಿತು. ಕೊನೆಗೆ ದಾರಿ ತೋರಿಸಿದ್ದು ನಮ್ಮ ತೋಟದ ನೆನಪು: ಮೆಣಸು ಕೊಯ್ಯುವವರು ಏಣಿಯ ಮೆಟ್ಟಿಲ ಮೇಲೆ ಪಾದದ ಮುಂಭಾಗದಲ್ಲಿ ನಿಂತು, ಮೊಳಕಾಲ ಕೆಳಗಿನ ಮೂಳೆಯನ್ನು ಮೇಲಿನ ಮೆಟ್ಟಿಲಿಗೆ ಒತ್ತಿ, ಸೊಂಟವನ್ನು ಮರದ ಕಡೆಗೆ ತಳ್ಳಿ ಎರಡೂ ಕೈ ಬಿಡುತ್ತಾರಲ್ಲ, ಅದೇ ಭಂಗಿ. ಬೆರಳ ಮೇಲೆ ಎಗರಿ ನಿಲ್ಲುವುದಲ್ಲ, ಬೂಟಿನ ಮುಂಭಾಗಕ್ಕೆ ಕಾಲನ್ನು ಒರಗಿಸುವುದು. ಹಾಗೆ ಒರಗಿದ ಮೇಲೆ ಬೋರ್ಡ್ ನಿಂತಿತು. ಶಿಕ್ಷಕರು ಚಪ್ಪಾಳೆ ತಟ್ಟಿದರು. ಅವರಿಗೆ ಮೆಣಸಿನ ಏಣಿಯನ್ನು ಹಿಂದಿಯಲ್ಲಿ ವಿವರಿಸುವ ಪ್ರಯತ್ನವನ್ನು ಮಾತ್ರ ಅರ್ಧಕ್ಕೇ ಬಿಟ್ಟೆ.

ಎರಡು ಅಂಚುಗಳೂ ಬಂದ ನಂತರ ತಿರುವು ತಾನಾಗಿ ಬರುತ್ತದೆ ಎನ್ನಲಾರೆ. ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಬೋರ್ಡ್ ಕೆಲವು ಕ್ಷಣ ಚಪ್ಪಟೆಯಾಗಿ, ನೇರ ಇಳಿಜಾರಿನ ಕಡೆಗೆ ಮೂಗು ಮಾಡಿ ವೇಗ ಹಿಡಿಯುತ್ತದೆ. ಆಗ ಹಿಂದಕ್ಕೆ ವಾಲಬೇಕೆಂದು ಅನಿಸುತ್ತದೆ. ಮಾಡಬೇಕಾದದ್ದು ಮುಂಗಾಲಿನ ಮೇಲೆ ಭಾರ ಹಾಕುವುದನ್ನು. ಹಿಂದೆ ವಾಲಿದರೆ ಮೂಗು ಹಗುರಾಗಿ ತಿರುಗುವುದನ್ನೇ ನಿಲ್ಲಿಸುತ್ತದೆ. ಮುಂಭುಜವನ್ನು ಹೋಗಬೇಕಾದ ದಿಕ್ಕಿಗೆ ತೆರೆದು, ಮುಂಗಾಲನ್ನು ಒತ್ತಿ, ಬೋರ್ಡ್ ಸುತ್ತಿ ಬಂದ ಮೇಲಷ್ಟೇ ಹೊಸ ಅಂಚಿಗೆ ಭಾರ ಕೊಡಬೇಕು. ನನಗೆ ಎಡ ಬಲ ತಿರುವುಗಳು ಒಂದಕ್ಕೊಂದು ಬೆಸೆದುಕೊಂಡದ್ದು ಹೊರಡುವ ದಿನ ಹತ್ತಿರವಾದಾಗ. ಬೆಳಗಿನ ಗಟ್ಟಿ ಹಿಮ ಸ್ವಲ್ಪ ಮೆತ್ತಗಾದ, ಬಿಸಿಲೇರಿದ ಹೊತ್ತನ್ನು ಇದಕ್ಕೆ ಆರಿಸಿಕೊಳ್ಳಿ. ಗಾಜಿನಂತಾದ ಮುಂಜಾನೆಯ ಹಿಮದ ಮೇಲೆ ಹೊಸಬರು ಕಲಿಯುವುದು ನೋವನ್ನು ಮಾತ್ರ.

ಗೊಂಡೊಲಾ, ಎಂದರೆ ತಂತಿಯಲ್ಲಿ ತೂಗಿಕೊಂಡು ಬೆಟ್ಟವೇರುವ ಕೇಬಲ್ ಕಾರು, ಹತ್ತಿ ಮೇಲೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಅದರ ಮೊದಲ ಹಂತ 1998ರಲ್ಲಿ, ಅಫರ್ವತ್ ಬೆಟ್ಟದ ಎರಡನೆಯ ಹಂತ 2005ರಲ್ಲಿ ಆರಂಭವಾದವು. ಎರಡನೆಯದು ಸುಮಾರು 3,980 ಮೀಟರಿಗೆ ಮುಟ್ಟಿಸುತ್ತದೆ. ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಬೇಕು, ಗುರುತಿನ ಚೀಟಿ ಜೊತೆಗಿರಬೇಕು, ಗಾಳಿ ಜೋರಾದರೆ ಟಿಕೆಟ್ಟಿದ್ದರೂ ಕಾಯಬೇಕು. ನಾವು ಮೊದಲ ಹಂತದ ಕೊಂಗದೂರಿಯವರೆಗೆ ಹೋಗಿ ಬಂದೆವು. ಅಫರ್ವತ್‌ನ ತೆರೆದ ಇಳಿಜಾರುಗಳು ನುರಿತವರಿಗೆ. 2023 ಮತ್ತು 2024ರ ಫೆಬ್ರುವರಿಗಳಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕು ವಿದೇಶಿ ಸ್ಕೀಯರುಗಳು ಸತ್ತಿದ್ದಾರೆ. ಕಲಿಯಲು ಹೋದವರು ಯಾರ ಮಾತಿಗೂ ಮರುಳಾಗಿ ಗೊತ್ತುಪಡಿಸಿದ ಜಾಗವನ್ನು ದಾಟಬಾರದು.

ಖರ್ಚಿನ ಲೆಕ್ಕ ಕೇಳುವವರಿಗಾಗಿ ನನ್ನ ಪಾಲಿನದನ್ನು ಬರೆಯುತ್ತೇನೆ. ಬಸ್ಸು, ವಿಮಾನ, ಟ್ಯಾಕ್ಸಿ ಸೇರಿ 24,000 ರೂಪಾಯಿಯ ಆಸುಪಾಸು. ಊಟ ವಸತಿಗೆ 22,000. ಬೋರ್ಡ್ ಮತ್ತು ಬೂಟಿಗೆ ದಿನಕ್ಕೆ 1,200. ಶಿಕ್ಷಕರಿಗೆ ದಿನಕ್ಕೆ 2,500. ಬಟ್ಟೆ ಮತ್ತು ರಕ್ಷಾಕವಚಗಳಿಗೆ 12,000. ವಿಮೆ, ಲಿಫ್ಟು, ಚಹಾ ಎಲ್ಲ ಕೂಡಿ 80,000ದ ಹತ್ತಿರ ಬಂತು. ಬೆಲೆಗಳು ಹಿಮದ ಪ್ರಮಾಣ ಮತ್ತು ಜನಸಂದಣಿಯ ಮೇಲೆ ಏರಿಳಿಯುತ್ತವೆ, ಚೌಕಾಸಿಗೆ ಅವಕಾಶವಿದೆ. ಎಲ್ಲಿ ಬೇಕಾದರೂ ಕಡಿತ ಮಾಡಿ, ಶಿಕ್ಷಕರ ಸಂಬಳದಲ್ಲಿ ಮಾತ್ರ ಬೇಡ. ಮೊದಲ ಮೂರು ನಾಲ್ಕು ದಿನ ಒಬ್ಬರೇ ಕಲಿಯುತ್ತೇವೆ ಎಂದು ಹೊರಟವರು ಬೇಸತ್ತು ಸ್ಕೀಗೆ ಬದಲಾಯಿಸಿಕೊಂಡದ್ದನ್ನು ಅಲ್ಲಿಯೇ ಕಂಡೆ. ಬಾಡಿಗೆ ಸಾಮಾನು ಪಡೆಯುವಾಗ ಬೋರ್ಡಿನ ತಳ ಮತ್ತು ಅಂಚುಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಹಿಂದಿರುಗಿಸುವಾಗ ಹಳೆಯ ಗೀರೊಂದಕ್ಕೆ ನನ್ನಿಂದ ದಂಡ ಕೇಳಿದರು; ಮೊದಲ ದಿನದ ಚಿತ್ರ ತೋರಿಸಿದ ಮೇಲೆ ಸುಮ್ಮನಾದರು.

ಬರುವಾಗ ಶ್ರೀನಗರದ ವಿಮಾನ ನಿಲ್ದಾಣಕ್ಕೆ ಬಹಳ ಮುಂಚೆ ಹೊರಡಬೇಕು. ಕಟ್ಟಡ ತಲುಪುವ ಮೊದಲೇ ಹೊರಗಿನ ಗೇಟಿನಲ್ಲಿ ಸಾಮಾನುಗಳನ್ನೆಲ್ಲ ವಾಹನದಿಂದ ಇಳಿಸಿ ತಪಾಸಣೆ ಮಾಡಿಸಿ ಮತ್ತೆ ಹೇರಬೇಕು, ಒಳಗೂ ತಪಾಸಣೆಗಳು ಒಂದರ ಹಿಂದೆ ಒಂದಿವೆ. ನಮ್ಮ ವಿಮಾನ ಆ ದಿನ ಹೊರಟಿತು ಎಂಬುದೇ ದೊಡ್ಡ ಸಮಾಧಾನ. ಊದಿಕೊಂಡ ಬಲ ಮಣಿಕಟ್ಟಿಗೆ ಹಾಸನದಲ್ಲಿ ಎಕ್ಸ್‌ರೇ ತೆಗೆಸಿದೆವು, ಮೂಳೆಗೆ ಏನೂ ಆಗಿರಲಿಲ್ಲ. ಮೆಣಸಿನ ಕೊಯ್ಲು ಆರಂಭವಾಗಿ ಎರಡು ದಿನವಾಗಿತ್ತು.

ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಒಂದು ವಿಷಯ ಉಳಿದಿದೆ. ಹಿಮದ ಬಟ್ಟೆಗಳನ್ನು ಮಲೆನಾಡಿನ ಮಳೆಗಾಲ ಹಾಳುಮಾಡುತ್ತದೆ; ಜೂನ್ ಹಿಡಿದರೆ ಬೀರುವಿನೊಳಗೂ ಬೂಷ್ಟು ಬರುತ್ತದೆ, ನೀರು ತಡೆಯುವ ಒಳಪದರ ಪೊರೆಯಂತೆ ಏಳುತ್ತದೆ. ಬಂದ ಕೂಡಲೇ ಬಟ್ಟೆಯ ಮೃದುಕಾರಕ ಹಾಕದೆ ಒಗೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಹೆಲ್ಮೆಟ್ಟಿನ ಮೆತ್ತೆಯನ್ನು ಬಿಚ್ಚಿ ಬೇರೆಯಾಗಿ ಒಣಗಿಸಿ. ಮಳೆಗಾಲದ ನಡುವೆ ಎರಡು ದಿನ ಬಿಸಿಲು ಬಂದರೆ ಡಬ್ಬವನ್ನು ತೆರೆದು ನೋಡುವುದನ್ನು ಮರೆಯಬೇಡಿ.